ದಿಬ್ಬ ಮುಟ್ಟದ ಟ್ರಾಲಿ

ಬೆಟ್ಟದ ಬುಡದ ಟೀ ಅಂಗಡಿಗೆ ಅವತ್ತು ಬೆಳಿಗ್ಗೆ ಮೂರೇ ಗೋಡೆ. ನಾಲ್ಕನೆಯದು ಇರಬೇಕಾದ ಜಾಗದಲ್ಲಿ ಟ್ರಾಲಿ ಮೂತಿ ತೂರಿಸಿಕೊಂಡು ಮಲಗಿತ್ತು — ರೈಲು ಹಳಿಯ ಮೇಲೆ ಕೈಯಿಂದ ತಳ್ಳುವ, ಕಬ್ಬಿಣದ ಗಾಲಿಗಳ ಹಲಗೆ ಬಂಡಿ. ಒಲೆ ಹಚ್ಚುತ್ತಿದ್ದ ಟೀ ಮಾವ ಅದರಡಿ ಸಿಕ್ಕಿ, ಕಾಲು ಮುರಿದುಕೊಂಡು, ಪ್ರಜ್ಞೆ ತಪ್ಪಿ ಬಿದ್ದಿದ್ದರು. ಹಾಲು ತರಲು ಹೋಗಿದ್ದ ಟೀ ಅತ್ತೆ ವಾಪಸು ಬಂದು ಕಿರುಚಿದಾಗಲೇ ಊರು ಎದ್ದದ್ದು, ಮಾವ ಆಸ್ಪತ್ರೆ ಸೇರಿದ್ದು.

ಆ ಬೆಟ್ಟದ ರೈಲು ನಿಂತದ್ದು ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲು. ಉಳಿದಿರುವುದು ತುಕ್ಕು ಹಿಡಿದ ಹಳಿ, ತುದಿಯಲ್ಲೊಂದು ಪಾಳು ನಿಲ್ದಾಣ, ಅಲ್ಲಿ ನಿಂತಿರುತ್ತಿದ್ದ ಈ ಒಂದು ಟ್ರಾಲಿ. ಅದನ್ನು ಕೆಳಕ್ಕೆ ಬಿಟ್ಟವರು ಯಾರು?

ಊರಿಗೆ ತಲೆ ಕೆಡಿಸಿಕೊಳ್ಳುವ ಕಷ್ಟವೇ ಬರಲಿಲ್ಲ. ಎಲ್ಲರ ಫೋನಿನಲ್ಲೂ ನಾನಿದ್ದೆ! ಹಿಂದಿನ ದಿನ ಮೇಲಿನ ನಿಲ್ದಾಣದಲ್ಲಿ ತೆಗೆದ ವಿಡಿಯೊ. ಕಪ್ಪು ಕನ್ನಡಕ, ಟ್ರಾಲಿಯ ಮೇಲೆ ಒಂದು ಕಾಲು, ಗಾಳಿಗೆ ಹಾರುವ ಶರಟು. "ಹಳಿ ನಂದು! ಬೆಟ್ಟ ನಂದು! ಬ್ರೇಕ್ ಮಾತ್ರ... ದೇವ್ರದು!"

ನನ್ನನ್ನು ಊರು 'ಡೈಲಾಗ್' ಎಂದು ಕರೆಯುವುದು ಸುಮ್ಮನೆ ಅಲ್ಲ.

"ಇನ್ನೇನು ಸಾಕ್ಷಿ ಬೇಕು ಇನ್ಸ್‌ಪೆಕ್ಟ್ರೇ?" ಎಂದು ಗುಡುಗಿದರು ಅಧ್ಯಕ್ಷರು. 'ಹಳಿ ಉಳಿಸಿ' ಸಮಿತಿಯ ಅಧ್ಯಕ್ಷರು, ಬಿಳಿ ಬಟ್ಟೆ, ಸೊಂಟದಲ್ಲಿ ಕೀಲಿ ಗೊಂಚಲು. "ಇವ್ನು ಗಾಲಿಗೆ ಒತ್ತು ಕೊಟ್ಟ ಕಲ್ಲು ಜಾರಿದೆ. ಟ್ರಾಲಿ ಮೇಲಿಂದ ಸೀದಾ ಬಂದು ಗುದ್ದಿದೆ. ಒಳಗೆ ಹಾಕಿ ಇವನ್ನ!"

"ಸಂಜೆ ಠಾಣೆಗೆ ಬಾ. ಅಪ್ಪನ್ನೂ ಕರ್ಕೊಂಡು ಬಾ," ಎಂದರು ಇನ್ಸ್‌ಪೆಕ್ಟರ್.

ಠಾಣೆ ಹಾಳಾಗಿ ಹೋಗಲಿ. ಟೀ ಅತ್ತೆ ನನ್ನ ಮುಖ ನೋಡಲಿಲ್ಲ. ಮೀಸೆ ಬರುವ ಮೊದಲಿಂದ ನನಗೆ ಟೀ ಕೊಟ್ಟ ಕೈ ಅದು. "ನಾನಲ್ಲ ಅತ್ತೆ" ಎನ್ನಬೇಕೆಂದು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಯಾಕೆಂದರೆ — ನಾನೇ ಇರಬಹುದಲ್ಲ?

ಫೋನ್ ಮಾಡಿದ್ದೇ ತಡ, ಚಿಕ್ಕಮ್ಮ ಬಂದಿಳಿದಳು. ಅವಳದು ವಿಮೆ ಕಂಪನಿಯಲ್ಲಿ ಕೆಲಸ. ಗುದ್ದಿದ ಲಾರಿ, ಮಗುಚಿದ ಬಸ್ಸು ನೋಡಿ, ಯಾರು ಸುಳ್ಳು ಹೇಳುತ್ತಿದ್ದಾರೆಂದು ಹೇಳುವ ಕೆಲಸ.

"ಕಲ್ಲು ಇಟ್ಟಿದ್ಯೇನೋ?"

"ಇಟ್ಟಿದ್ದೆ ಚಿಕ್ಕಮ್ಮ."

"ಗಟ್ಟಿಯಾಗಿ ಕೂತಿತ್ತಾ?"

"ಅದೇ... ಗೊತ್ತಿಲ್ಲ."

"ಬಾಯಿಗೆ ಇಲ್ಲದ ಬ್ರೇಕು ಗಾಲಿಗಾದ್ರೂ ಹಾಕ್ಬಾರ್ದಿತ್ತಾ, ಕತ್ತೆ!"

ಅವಳು ಅಂಗಡಿಯ ಮುರಿದ ಗೋಡೆ ನೋಡಿದಳು. ಮೂಲೆಯ ಕಬ್ಬಿಣದ ಕಂಬ ಮೊಣಕೈಯಂತೆ ಬಾಗಿತ್ತು. ಅದನ್ನೊಮ್ಮೆ ತಟ್ಟಿ, "ಲೈನ್ ಮೇಲೆ ನಡ್ಕೊಂಡು ಹೋಗೋಣ. ಅಧ್ಯಕ್ಷರೇ, ನೀವೂ ಬನ್ನಿ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ?" ಎಂದಳು.

ಅಷ್ಟು ಸಾಕಾಯಿತು. ಪ್ರವಾಸಿಗಳಿಗೆ ಮಾಡುವ ಭಾಷಣವನ್ನೇ ಅಧ್ಯಕ್ಷರು ದಾರಿಯುದ್ದಕ್ಕೂ ಬಿಚ್ಚಿದರು. ಹಳಿಗಳ ನಡುವೆ ಮುಳ್ಳುಗಿಡ, ಕುಸಿದ ಸೇತುವೆ ಕಟ್ಟೆ, ಬಾವಲಿ ವಾಸನೆಯ ಸುರಂಗ. ಅರ್ಧ ಬೆಟ್ಟದಲ್ಲಿ ಎರಡು ಹಳಿ ಕೂಡುವ ಜಾಗ ಬಂತು.

"ಇದೇ ನೋಡಿ ನಮ್ಮ ಲೈನಿನ ಹೆಮ್ಮೆ!" ಎಂದರು. "ಗುಡ್ಡ ತುಂಬ ಕಡಿದಾಗಿದೆ, ತಿರುವಿಗೆ ಜಾಗ ಇಲ್ಲ. ಮೇಲಿಂದ ಬಂದ ರೈಲು ಈ ತುದಿಗೆ ಬಂದು ನಿಲ್ಲೋದು. ಲಿವರ್ ಎಳೆದು ಹಳಿ ಬದಲಾಯಿಸೋರು. ಆಮೇಲೆ ಹಿಂದಕ್ಕೆ ನಡೆದು ಕೆಳಗಿನ ಹಳಿಗೆ ಇಳಿಯೋದು!"

ತುದಿಯಲ್ಲಿ ಹಳಿ ಮುಗಿದು ಮಣ್ಣಿನ ದಿಬ್ಬವಿತ್ತು. ದಿಬ್ಬದ ತುಂಬ ಹುಲ್ಲು.

"ಈಗ ಯಾರಾದ್ರೂ ಲಿವರ್ ಎಳೆದ್ರೆ?"

"ಅಯ್ಯೋ, ಬಿಡ್ತೀನಾ? ಬೀಗ ಜಡಿದಿದ್ದೀನಿ. ಇರೋದು ಒಂದೇ ಕೀ. ಕಾವಲುಗಾರನಿಗೂ ಕೊಟ್ಟಿಲ್ಲ," ಎಂದು ಗೊಂಚಲು ಕುಲುಕಿದರು.

ಚಿಕ್ಕಮ್ಮ ಲಿವರ್ ಬುಡಕ್ಕೆ ಬೆರಳು ತಾಗಿಸಿ, ಕರವಸ್ತ್ರಕ್ಕೆ ಒರೆಸಿಕೊಂಡಳು. "ಸಾಕು. ಇಳಿಯೋಣ."

"ಮೇಲಿನ ನಿಲ್ದಾಣ, ಆ ಕಲ್ಲು ನೋಡಲ್ವಾ?" ಎಂದೆ.

"ನಿನ್ನ ಕಲ್ಲು ಕಟ್ಕೊಂಡು ನನಗೇನೋ?"

ಟೀ ಅಂಗಡಿಯ ಮುಂದೆ ಇನ್ಸ್‌ಪೆಕ್ಟರ್, ಕಾವಲುಗಾರ, ಅರ್ಧ ಊರು. ಚಿಕ್ಕಮ್ಮ ಬೆಂಚಿನ ಮೇಲೆ ಚೆಲ್ಲಿದ್ದ ಟೀ ಪುಡಿಯಲ್ಲಿ ಬೆರಳಿಂದ ಒಂದು ಓರೆ ಗೆರೆ ಎಳೆದಳು. ಅದರ ತುದಿಯಲ್ಲಿ ಒಂದು ಚುಕ್ಕಿ. ಚುಕ್ಕಿಯಿಂದ ಹಿಂದಕ್ಕೆ, ಕೆಳಗಡೆಗೆ, ಇನ್ನೊಂದು ಗೆರೆ.

"ಮೇಲಿಂದ ಜಾರಿದ ಟ್ರಾಲಿ ಎಲ್ಲಿಗೆ ಹೋಗ್ಬೇಕು ಇನ್ಸ್‌ಪೆಕ್ಟ್ರೇ?"

"ಕೆಳಗೆ... ಅಲ್ಲ, ಈ ಚುಕ್ಕಿಗೆ. ದಿಬ್ಬಕ್ಕೆ!"

"ದಿಬ್ಬದ ಒಂದು ಹುಲ್ಲುಕಡ್ಡೀನೂ ಮಲಗಿಲ್ಲ. ಗುದ್ದಿ ವಾಪಸ್ ಉರುಳಿದ್ರೂ ಬಂದ ಹಳಿ ಮೇಲೇ ಹೋಗುತ್ತೆ. ಯಾರಾದ್ರೂ ಲಿವರ್ ಎಳೀದೆ ಕೆಳಗಿನ ಹಳಿಗೆ ಇಳಿಯೋ ಮಾತೇ ಇಲ್ಲ. ಹುಡುಗನ ಕಲ್ಲು ಜಾರಲಿ, ಹಾರಲಿ, ಈ ಅಂಗಡಿಗೂ ಅದಕ್ಕೂ ಸಂಬಂಧ ಇಲ್ಲ."

ನಾನಲ್ಲ!

"ಯಾ... ಯಾರೋ ಬೀಗ ಒಡೆದು —" ಎಂದರು ಅಧ್ಯಕ್ಷರು.

"ಬೀಗ ಗಟ್ಟಿಮುಟ್ಟಾಗಿದೆ. ಲಿವರಿಗೆ ಹೊಸ ಗ್ರೀಸ್ ಹಚ್ಚಿದೆ." ಚಿಕ್ಕಮ್ಮ ಕರವಸ್ತ್ರ ಬಿಡಿಸಿ ಕಪ್ಪು ಕಲೆ ತೋರಿಸಿದಳು. "ಕೀ ಒಂದೇ ಅಂತ ಹೇಳಿದ್ದು ನೀವೇ. ಈ ಕಂಬ ನೋಡಿ. ಖಾಲಿ ಟ್ರಾಲಿ ಗೋಡೆ ಒಡೆಯುತ್ತೆ, ಇದನ್ನ ಬಗ್ಗಿಸಲ್ಲ. ಮೇಲೆ ಭಾರ ಇತ್ತು. ಏನದು ಅಧ್ಯಕ್ಷರೇ?"

ಕಾವಲುಗಾರ ಟೋಪಿ ತೆಗೆದ. "ನಿನ್ನೆ ಸಂಜೆ ಇವ್ರೇ ನಂಗೆ ರಜೆ ಕೊಟ್ಟು ಕಳಿಸಿದ್ರು ಸಾರ್. ಸಮಿತಿ ಶೆಡ್ಡಿನ ಕೀನೂ ಇಸ್ಕೊಂಡ್ರು."

ಗೊಂಚಲು ಇನ್ಸ್‌ಪೆಕ್ಟರ್ ಕೈಗೆ ಬಂತು. ಪಕ್ಕದಲ್ಲೇ ಇದ್ದ ಸಮಿತಿ ಶೆಡ್ಡು ತೆರೆಯಿತು. 'ನಮ್ಮ ಹಳಿ, ನಮ್ಮ ಹೆಮ್ಮೆ' ಎಂಬ ದೊಡ್ಡ ಬೋರ್ಡಿನ ಹಿಂದೆ, ತುಂಡು ಮಾಡಿದ ಹಳಿಗಳ ರಾಶಿ. ಗುಜರಿ ಲಾರಿಗೆ ಕಾಯುತ್ತಿದ್ದವು. ಒಂದರ ತುದಿಗೆ ಅಂಗಡಿ ಗೋಡೆಯ ನೀಲಿ ಸುಣ್ಣ ಇನ್ನೂ ಅಂಟಿತ್ತು.

"ಹಳಿ ಬದಲಾಯಿಸಿ ಇಳಿಸುವಾಗ ಟ್ರಾಲಿ ಕೈ ತಪ್ಪಿ ಹೋಯ್ತು..." ಎಂದು ತಡವರಿಸಿದರು ಅಧ್ಯಕ್ಷರು. "ಬೇಕು ಅಂತ ಅಲ್ಲ..."

ಹಳಿ ಉಳಿಸಿ ಎಂದು ಮೈಕು ಹಿಡಿದವನೇ ಹಳಿ ನುಂಗಿದ್ದ. ಅದೂ ಹೋಗಲಿ. ಮಾವ ರಕ್ತದಲ್ಲಿ ಬಿದ್ದಿದ್ದಾಗ ಈ ಮನುಷ್ಯ ಮೊದಲು ಎತ್ತಿದ್ದು ಹಳಿಗಳನ್ನು! ಆಳುಗಳನ್ನು ಕೂಗಿ, ಒಂದೊಂದಾಗಿ ಹೊರಿಸಿ, ಶೆಡ್ಡಿಗೆ ಬೀಗ ಹಾಕಿ, ಆಮೇಲೆ ಬಟ್ಟೆ ಬದಲಿಸಿಕೊಂಡು ಬಂದು ನನ್ನತ್ತ ಬೆರಳು ತೋರಿಸಿದ್ದ.

ಟೀ ಅತ್ತೆ ಅವನ ಎದುರು ಹೋಗಿ ನಿಂತರು. "ಅವ್ರಿಗೆ ಉಸಿರಿದೆಯಾ ಅಂತನಾದ್ರೂ ನೋಡಿದ್ಯಾ?"

ಇನ್ಸ್‌ಪೆಕ್ಟರ್ ಶೆಡ್ಡಿನ ಬಳಿ ಉಳಿದು, ಅಧ್ಯಕ್ಷರನ್ನು ಜೀಪಿನಲ್ಲಿ ಠಾಣೆಗೆ ಕಳಿಸಿದರು.

ಅತ್ತೆ ನನ್ನ ಕಡೆ ತಿರುಗಿದರು. "ಊರಿಗೆಲ್ಲ ಡೈಲಾಗ್ ಹೊಡೀತೀಯ. 'ನಾನಲ್ಲ' ಅಂತ ಒಂದು ಮಾತು ಬರಲಿಲ್ವೇನೋ ನಿನ್ನ ಬಾಯಲ್ಲಿ?"

"ನಂಗೇ ಗೊತ್ತಿರ್ಲಿಲ್ಲ ಅತ್ತೆ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗ್ಲಿ, ಗೋಡೆ ಕಟ್ಟು. ನಾಳೆ ಒಲೆ ಹಚ್ಚಬೇಕು," ಎಂದರು.

ಇನ್ಸ್‌ಪೆಕ್ಟರನ್ನು ಕೇಳಿ ಶೆಡ್ಡಿನ ಆ ಬೋರ್ಡನ್ನೇ ಹೊತ್ತು ತಂದೆ. ಅಳತೆ ಮಾಡಿಸಿದ ಹಾಗೆ ಕೂತಿತು. ಅಕ್ಷರಗಳನ್ನು ಒಳಮುಖ ಮಾಡಿ ಮೊಳೆ ಹೊಡೆಯಲು ಹೊರಟೆ.

"ತಿರುಗ್ಸೋ," ಎಂದರು ಅತ್ತೆ. "ಅಕ್ಷರ ರಸ್ತೆ ಕಡೆಗೆ ಇರಲಿ. ಟೀ ಕುಡಿಯೋಕೆ ಬಂದೋರೆಲ್ಲ ಇದೇನಮ್ಮಾ ಅಂತ ಕೇಳ್ಬೇಕು. ನಾನು ಹೇಳ್ಬೇಕು."