ಮೂರನೇ ಪ್ರತಿ

ಶುಕ್ರವಾರ ಬೆಳಗಿನ ಆರು ಗಂಟೆಗೆ ಚಿಕ್ಕಮಾರಯ್ಯನ ಹೆಣ ಅವನದೇ ಪಂಪ್‌ಸೆಟ್ ಮನೆಯ ಬಾಗಿಲಲ್ಲಿ ಬಿದ್ದಿತ್ತು. ಬಲಗೈ ಬೆರಳುಗಳ ತುದಿ ಸುಟ್ಟು ಕಪ್ಪಾಗಿತ್ತು. ಬರಿಗಾಲು. ಒದ್ದೆ ನೆಲ. ಗೋಡೆಯ ಮೇಲಿದ್ದ ಕಬ್ಬಿಣದ ಸ್ಟಾರ್ಟರ್ ಡಬ್ಬಿಯಿಂದ ಸುಟ್ಟ ವಾಸನೆ ಇನ್ನೂ ಬರುತ್ತಿತ್ತು.

ಅಮೃತೂರು ಠಾಣೆಯ ಸಬ್ ಇನ್ಸ್‌ಪೆಕ್ಟರ್ ನೇತ್ರಾವತಿ ಬರುವಷ್ಟರಲ್ಲಿ ಲೈನ್‌ಮನ್ ಕರೆಂಟ್ ತೆಗೆದಿದ್ದ. ಸತ್ತವನ ಹೆಂಡತಿ ಕೊಲ್ಲಾಪುರಮ್ಮ ತೆಂಗಿನ ಮರಕ್ಕೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ.

“ಮೊದಲು ನೋಡಿದ್ಯಾರು?”

“ನಾನೇ ಮೇಡಂ.” ಮುಂದೆ ಬಂದವನು ಶಿವರಾಜ್. ಪಕ್ಕದ ತೋಟದವನು. ಲಗೇಜ್ ಆಟೋ ಇಟ್ಟುಕೊಂಡು ದಿನಾ ತುಮಕೂರಿಗೆ ಬಾಡಿಗೆ ಹೊಡೆಯುತ್ತಿದ್ದ. ಅತ್ತು ಅತ್ತು ಅವನ ಕಣ್ಣು ಊದಿದ್ದವು. “ನಾನೂ ಚಿಕ್ಕಮಾರನೂ ಒಂದನೇ ಕ್ಲಾಸಿಂದ ಒಂದೇ ಬೆಂಚು ಮೇಡಂ. ಅಣ್ಣತಮ್ಮಂದಿರಿಗಿಂತ ಹೆಚ್ಚು.”

“ಏನಾಯ್ತು?”

“ಮೋಟರ್ ಸುಟ್ಟೋಗಿತ್ತು. ಸ್ಟಾರ್ಟರೂ ಸರಿ ಇರ್ಲಿಲ್ಲ. ಎರಡನ್ನೂ ಬಿಚ್ಕೊಂಡು ಹೋದ ವಾರ ನಾನೇ ಶಿರಾ ಗೇಟ್‌ನಾಗೆ ನಜೀರ್ ಸಾಬ್ರ ಅಂಗ್ಡಿಗೆ ಕೊಟ್ಟೆ. ನಿನ್ನೆ ವಾಪಸ್ ತಂದು ಸಂಜೆ ಕೂರ್ಸಿದ್ವಿ. ಇವತ್ತು ಬೆಳಗ್ಗೆ ತ್ರೀ ಫೇಸ್ ಕರೆಂಟ್ ಬಂದೈತೆ. ಬಟನ್ ಒತ್ತವ್ನೆ. ಅಷ್ಟೆ.” ಅವನು ಜೇಬಿನಿಂದ ಒಂದು ಚೀಟಿ ತೆಗೆದ. “ರಸೀದಿ ನೋಡಿ. ಆ ಅಂಗ್ಡಿ ಕೆಲ್ಸಕ್ಕೆ ಬೆಂಕಿ ಬೀಳ!”

ಬಿಳಿ ಚೀಟಿ. ಎರಡೂ ಅಂಚಿನಲ್ಲಿ ಸಾಲು ತೂತು. ಅಚ್ಚಿನ ನಂಬರ್ 2216. ನೀಲಿ ಬಾಲ್‌ಪೆನ್‌ನಲ್ಲಿ ಎರಡು ಸಾಲು. ‘ಮೋಟರ್ ರಿವೈಂಡಿಂಗ್ – 1’. ಅದರ ಕೆಳಗೆ ‘ಸ್ಟಾರ್ಟರ್ ರಿಪೇರಿ – 1’.

ನೇತ್ರಾವತಿ ಸ್ಟಾರ್ಟರ್ ಬಿಚ್ಚಿಸಿ ನೋಡಿದಳು. ಒಳಗೆ ಒಂದು ವೈರಿನ ಸಿಪ್ಪೆ ಬೆರಳುದ್ದ ಸುಲಿದಿತ್ತು. ತಾಮ್ರ ನೇರವಾಗಿ ಡಬ್ಬಿಯ ಕಬ್ಬಿಣಕ್ಕೆ ತಾಗಿತ್ತು. ಅರ್ತ್ ವೈರ್ ಇರಲೇ ಇಲ್ಲ.

“ರಿಪೇರಿಯವರು ಇಷ್ಟು ದೊಡ್ಡ ತಪ್ಪು ಮಾಡ್ತಾರಾ?” ಲೈನ್‌ಮನ್‌ನನ್ನು ಕೇಳಿದಳು.

“ಗೊತ್ತಿರೋನು ಮಾಡಲ್ಲ ಮೇಡಂ. ಕಣ್ಣು ಕಾಣದೋನು ಮಾಡ್ಬೋದು.”

*

ನಜೀರ್ ಅಹಮದರಿಗೆ ಅರವತ್ತೆಂಟು. ದಪ್ಪ ಕನ್ನಡಕ. ಶನಿವಾರ ಬೆಳಗ್ಗೆ ಮಗಳು ಯಾಸ್ಮೀನ್ ಜೊತೆ ಠಾಣೆಗೆ ಬಂದರು. ಹಿಂದಿನ ಸಂಜೆ ಯಾರೋ ನಾಲ್ಕು ಜನ ಬಂದು ಅಂಗಡಿ ಬೋರ್ಡು ಒಡೆದು ಹೋಗಿದ್ದರು.

“ಸ್ಟಾರ್ಟರ್ ನನ್ನ ಅಂಗಡಿಗೆ ಬಂದೇ ಇಲ್ಲಮ್ಮ. ಬರೀ ಮೋಟರ್ ಬಂತು. ಬರೀ ಮೋಟರ್ ಹೋಯ್ತು.”

ನೇತ್ರಾವತಿ ರಸೀದಿ ಮುಂದಿಟ್ಟಳು. ಮುದುಕ ಅದನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಎರಡು ಸಲ ಓದಿದರು.

“ಚೀಟಿ ನಮ್ಮದೇ. ಮೇಲಿನ ಸಾಲು ನಾನು ಬರೆದದ್ದು. ಕೆಳಗಿಂದು... ನನ್ನ ಅಕ್ಷರದ ಥರಾನೇ ಇದೆ. ಆದ್ರೆ ನಾನು ಬರೆದಿಲ್ಲ.”

“ಯಾಸ್ಮೀನ್, ನೀವೂ ಅಂಗಡೀಲಿ ಕೆಲಸ ಮಾಡ್ತೀರಲ್ಲ?”

“ಕಾಯಿಲ್ ಸುತ್ತೋದು ನಾನೇ ಮೇಡಂ.” ಮೂವತ್ತೈದರ ಹೆಂಗಸು. ಅಪ್ಪನ ಕಡೆ ನೋಡದೆ ಮಾತಾಡಿದಳು. “ನಾನು ಹಿಂದುಗಡೆ ಇರ್ತೀನಿ. ಆ ಸ್ಟಾರ್ಟರ್ ನಾನು ನೋಡಿಲ್ಲ. ಆದ್ರೆ... ಅಬ್ಬಾ ಈಗೀಗ ಮರೀತಾರೆ ಮೇಡಂ.”

“ಯಾಸ್ಮೀನ್!”

“ಸುಳ್ಳು ಹೇಳ್ಲಾ ಅಬ್ಬಾ? ಮೊನ್ನೆ ಗುರುವಾರ ಓಬಳಯ್ಯ ಅನ್ನೋರ ಮೋಟರ್‌ಗೆ ಕಟ್ಟಿದ್ದ ಚೀಟೀಲೂ ಸ್ಟಾರ್ಟರ್ ಅಂತ ಇತ್ತು. ಅಂಗಡಿಯೆಲ್ಲ ಹುಡುಕಿದೆ. ಸ್ಟಾರ್ಟರೇ ಇರ್ಲಿಲ್ಲ. ಬಂದಿದ್ದನ್ನ ಬಂದಿಲ್ಲ ಅಂತೀರಿ, ಬರದೆ ಇರೋದನ್ನ ಬರೀತೀರಿ. ಒಬ್ಬ ಮನುಷ್ಯ ಸತ್ತಿದಾನೆ.”

ನಜೀರ್ ಅಹಮದ್ ಚೀಟಿಯನ್ನು ಮೇಜಿನ ಮೇಲಿಟ್ಟರು. ಬೋರ್ಡು ಒಡೆದದ್ದಕ್ಕೆ ಅವರು ಬೆದರಿದ್ದರು. ಈ ಮಾತಿಗೆ ಕುಸಿದರು. ಕೊನೆಗೆ ತಾವೇ ಕೇಳಿದರು: “ನಾನು ನಿಜವಾಗ್ಲೂ ಮರೆತಿರಬಹುದಾ ಮೇಡಂ?”

ಆ ಪ್ರಶ್ನೆ ನೇತ್ರಾವತಿಗೆ ಹಿಡಿಸಲಿಲ್ಲ. ತಪ್ಪಿಸಿಕೊಳ್ಳುವವನು ಹಾಗೆ ಕೇಳುವುದಿಲ್ಲ.

*

ಮಧ್ಯಾಹ್ನ ಮೂವರೂ ತುಮಕೂರಿನ ಶಿರಾ ಗೇಟ್‌ಗೆ ಹೋದರು. ಹೊರಗೆ ಲಾರಿ ಹಾರ್ನು. ಒಳಗೆ ವಾರ್ನಿಷ್ ವಾಸನೆ. ಕೌಂಟರ್ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ. ಮೇಲ್ಭಾಗ ಮೇಜಿನ ಹಾಗೆ ಇಳಿಜಾರು. ಪಕ್ಕದಲ್ಲಿ ತಿರುಗಿಸುವ ಹ್ಯಾಂಡಲ್. ದಾರ ಕಟ್ಟಿದ ಪೆನ್ನು.

“ರಸೀದಿ ಪೆಟ್ಟಿಗೆ. ನಮ್ಮ ತಂದೆ ಕಾಲದ್ದು,” ಎಂದರು ನಜೀರ್. “ಕಂಪ್ಯೂಟರ್ ಬಿಲ್ ಹಾಕು ಅಂತ ಮಗಳು ಜಗಳ ಆಡ್ತಾಳೆ. ಇದಕ್ಕೆ ಕರೆಂಟ್ ಬೇಡ. ಪೇಪರ್ ಮಾತ್ರ ಪ್ರೆಸ್‌ನಲ್ಲಿ ಹೇಳಿ ಮಾಡಿಸ್ತೀನಿ.”

“ಹೇಗೆ ಕೆಲಸ ಮಾಡುತ್ತೆ?”

ಅವರು ತೋರಿಸಿದರು. ಮೂರು ಪದರ ಕಾಗದ, ನಡುವೆ ಕಾರ್ಬನ್. ಮೇಲೆ ಬರೆದರೆ ಕೆಳಗಿನ ಎರಡಕ್ಕೂ ಇಳಿಯುತ್ತದೆ. ಹ್ಯಾಂಡಲ್ ತಿರುಗಿಸಿದರೆ ಬಿಳಿ ಪ್ರತಿಯೂ ಹಳದಿ ಪ್ರತಿಯೂ ಹೊರಗೆ ಬರುತ್ತವೆ. ಬಿಳಿಯದು ಗಿರಾಕಿಗೆ. ಹಳದಿಯದು ಮೋಟರ್‌ಗೆ ಕಟ್ಟಲು. ಮೋಟರ್ ಹೋಗುವಾಗ ಅದು ಕಸದ ಬುಟ್ಟಿಗೆ. ಮೂರನೆಯದು ಹೊರಗೆ ಬರುವುದಿಲ್ಲ. ಪೆಟ್ಟಿಗೆಯೊಳಗೇ ಮಡಿಕೆ ಮಡಿಕೆಯಾಗಿ ಬೀಳುತ್ತದೆ. ಅದಕ್ಕೆ ಬೀಗ.

“ಮೂರನೇ ಪ್ರತಿ ಇದೆ ಅಂತ ಬೆಳಗ್ಗೆ ಯಾಕೆ ಹೇಳ್ಲಿಲ್ಲ ಸಾಬ್ರೇ?”

“ಹೇಳೋಣ ಅಂತಾನೇ ಬಂದಿದ್ದೆ.” ಮಗಳ ಕಡೆ ನೋಡಿದರು. “ಆಮೇಲೆ ಧೈರ್ಯ ಬರ್ಲಿಲ್ಲ. ತೆಗೆದು ನೋಡಿದಾಗ ಅದರಲ್ಲೂ ಸ್ಟಾರ್ಟರ್ ಅಂತ ಇದ್ದುಬಿಟ್ರೆ?”

ಬೀಗ ತೆರೆಯಿತು. ಗುಲಾಬಿ ಕಾಗದದ ಉದ್ದನೆಯ ಪಟ್ಟಿ. ಎಲ್ಲೂ ಹರಿದಿಲ್ಲ, ಅಂಟಿಸಿಲ್ಲ. ನೇತ್ರಾವತಿ ಬಿಡಿಸುತ್ತಾ ಹೋದಳು. 2216 ಸಿಕ್ಕಿತು.

‘ಮೋಟರ್ ರಿವೈಂಡಿಂಗ್ – 1’. ಅಷ್ಟೇ. ಕೆಳಗೆ ಖಾಲಿ.

ನಜೀರ್ ಅಹಮದ್ ಸ್ಟೂಲಿನ ಮೇಲೆ ಕೂತುಬಿಟ್ಟರು.

“ಇದು ಸಾಲದು ಸಾಬ್ರೇ,” ಎಂದಳು ನೇತ್ರಾವತಿ. “ಚೀಟಿ ಹರಿದು ಕೊಟ್ಟ ಮೇಲೆ ನೀವೇ ಆ ಸಾಲು ಸೇರಿಸಿದ್ರಿ ಅಂತ ಶಿವರಾಜ್ ಹೇಳಿದ್ರೆ? ಆ ಓಬಳಯ್ಯಂದು ಎಲ್ಲಿ?”

2231. ಗುರುವಾರದ ತಾರೀಖು. ‘ಓಬಳಯ್ಯ, ಸಿ.ಎಸ್. ಪುರ. ಮೋಟರ್ – 1’. ಅದರ ಕೆಳಗೆ, ಸ್ವಲ್ಪ ಓರೆಯಾಗಿ, ‘ಸ್ಟಾರ್ಟರ್ ರಿಪೇರಿ – 1’.

ಯಾಸ್ಮೀನ್ ನಿಟ್ಟುಸಿರು ಬಿಟ್ಟಳು. “ನೋಡಿದ್ರಾ? ನಾನು ಹೇಳಿದ್ದು ಇದನ್ನೇ.”

ನೇತ್ರಾವತಿ ಆ ಓರೆ ಸಾಲನ್ನೇ ನೋಡುತ್ತಿದ್ದಳು. ಉಳಿದ ಯಾವ ರಸೀದಿಯಲ್ಲೂ ನಜೀರ್ ಸಾಬರ ಸಾಲು ಓರೆಯಾಗಿರಲಿಲ್ಲ.

*

ಭಾನುವಾರ ಬೆಳಗ್ಗೆ ಜೀಪು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ತಲುಪಿತು. ಓಬಳಯ್ಯ ರಾಗಿ ಕಣದಲ್ಲಿದ್ದ. ರಸೀದಿ ಕೇಳಿದ್ದಕ್ಕೆ ಹೆಂಡತಿಯನ್ನು ಕೂಗಿದ. ಅವಳು ಡಬ್ಬಿಯಿಂದ ತಂದುಕೊಟ್ಟಳು.

ಬಿಳಿ ಪ್ರತಿ. 2231. ‘ಮೋಟರ್ – 1’. ಸ್ಟಾರ್ಟರ್ ಇಲ್ಲ.

ಮೇಲಿನ ಪ್ರತಿಯಲ್ಲಿ ಇಲ್ಲದ್ದು ಕೆಳಗಿನದರಲ್ಲಿ ಹೇಗೆ ಬಂತು? ನೇತ್ರಾವತಿ ಚೀಟಿಯನ್ನು ಬಿಸಿಲಿಗೆ ಓರೆ ಹಿಡಿದಳು. ಶಾಯಿ ಇರಲಿಲ್ಲ. ಆದರೆ ಆ ಸಾಲಿನ ಜಾಗದಲ್ಲಿ ಕಾಗದ ಅಕ್ಷರದಂತೆ ತಗ್ಗಾಗಿತ್ತು. ಯಾರೋ ಅದರ ಮೇಲೆ ಇನ್ನೊಂದು ಕಾಗದ ಇಟ್ಟು ಒತ್ತಿ ಬರೆದಿದ್ದರು.

“ಓಬಳಯ್ಯನೋರೇ, ಗುರುವಾರ ನೀವು ಅಂಗಡಿಗೆ ಹೋದಾಗ ಬೇರೆ ಯಾರಾದ್ರೂ ಇದ್ರಾ?”

“ಒಬ್ಬ ಇದ್ದ ತಾಯಿ. ಲಗೇಜ್ ಆಟೋದೋನು. ಸಾಬ್ರು ಅವನ ಮೋಟರ್ ತರಾಕೆ ಹಿಂದಕ್ಕೆ ಹೋಗಿದ್ರು. ಇವ್ನು ಅವನ ಚೀಟಿನ ಆ ಡಬ್ಬದ ಮೇಲಿಟ್ಕೊಂಡು ಏನೋ ಬರೀತಿದ್ದ. ‘ಜಲ್ದಿ ಮಾಡಪ್ಪ, ನಂದೂ ಬರೀಬೇಕು’ ಅಂದೆ. ಬೆಚ್ಚಿಬಿದ್ದು ಜೇಬಿಗೆ ಹಾಕ್ಕೊಂಡ.”

“ನೋಡಿದ್ರೆ ಗುರುತು ಹಿಡೀತೀರಾ?”

“ಯಾಕಿಲ್ಲ? ನನ್ ಮೋಟರ್ ಇಳ್ಸಕ್ಕೂ ಕೈ ಹಾಕ್ದ. ಒಳ್ಳೇನು.”

ನೇತ್ರಾವತಿ ಜೀಪಿಗೆ ಬಂದು ಶಿವರಾಜನ ಬಿಳಿ ಚೀಟಿಯನ್ನು ಅಂಗಡಿಯಿಂದ ತಂದಿದ್ದ ಓಬಳಯ್ಯನ ಗುಲಾಬಿ ಪ್ರತಿಯ ಮೇಲಿಟ್ಟು ಮುಂದಿನ ಗಾಜಿಗೆ ಒತ್ತಿದಳು. ಬಿಸಿಲು ಎರಡರಲ್ಲೂ ತೂರಿತು. ಸ್ವಲ್ಪ ಓರೆ ಮಾಡಿದಳು. ‘ಸ್ಟಾರ್ಟರ್ ರಿಪೇರಿ’ ಎಂಬ ಅಕ್ಷರಗಳು ಒಂದರ ಮೇಲೊಂದು ಕೂತವು. ಒತ್ತು, ಗುಡಿಸು, ಇಳಿ, ಎಲ್ಲ. ಎರಡು ಸಾಲಲ್ಲ, ಒಂದೇ ಪೆನ್ನು ಒಂದೇ ಸಲ ಬರೆದ ಒಂದೇ ಸಾಲು.

ಅವಳು ತುಮಕೂರಿಗೆ ಫೋನ್ ಮಾಡಿದಳು.

“ಯಾಸ್ಮೀನ್, ನಿಮ್ಮ ತಂದೆ ಏನೂ ಮರೆತಿಲ್ಲಮ್ಮ. ಆ ಸಾಲು ಅವರು ಬರೆದದ್ದಲ್ಲ.”

ಆ ಕಡೆ ಯಾಸ್ಮೀನ್ ಅಳುವುದು ಕೇಳಿಸಿತು. “ನಿನ್ನೆಯಿಂದ ಅಬ್ಬಾ ನನ್ನ ಕೈಯಿಂದ ಟೀ ಕೂಡ ಇಸ್ಕೊಂಡಿಲ್ಲ ಮೇಡಂ,” ಎಂದಳು.

*

ಯಾರು ಎಂಬುದು ಗೊತ್ತಾಗಿತ್ತು. ಯಾಕೆ ಎಂಬುದು ಉಳಿದಿತ್ತು. ನಲವತ್ತು ವರ್ಷದ ಗೆಳೆಯನನ್ನು ಯಾರಾದರೂ ಯಾಕೆ ಕೊಲ್ಲುತ್ತಾರೆ?

ಅವಳು ಕೊಲ್ಲಾಪುರಮ್ಮನಿಗೆ ಫೋನ್ ಮಾಡಿದಳು. “ಅಮ್ಮ, ನಿಮ್ಮ ಯಜಮಾನ್ರು ಈ ವಾರ ಎಲ್ಲಿಗಾದ್ರೂ ಹೋಗೋದಿತ್ತಾ?”

“ನಾಳೆ ಕುಣಿಗಲ್ ಕೋರ್ಟಿಗೆ ಹೋಗ್ಬೇಕು ಅಂತಿದ್ರು. ಆ ಆಕ್ಸಿಡೆಂಟ್ ಕೇಸು. ಮುತ್ತುರಾಜಂದು. ಇವ್ರು ಸಾಕ್ಷಿ.”

ಮುತ್ತುರಾಜ್ ಕುಣಿಗಲ್‌ನಲ್ಲಿ ಸಿಕ್ಕಿದ. ಇಪ್ಪತ್ತೊಂಬತ್ತರವನು. ಮೂರು ವರ್ಷದ ಹಿಂದೆ ಶಿವರಾಜನ ಆಟೋಗೆ ಡ್ರೈವರ್ ಆಗಿದ್ದ. ಆ ಆಟೋ ಒಬ್ಬ ಹೆಂಗಸಿಗೆ ಗುದ್ದಿ ಅವಳು ಸತ್ತಿದ್ದಳು. ಆರೋಪಿ ಮುತ್ತುರಾಜ್.

“ಓಡಿಸ್ತಿದ್ದೋನು ನಾನಲ್ಲ ಮೇಡಂ. ನಾನು ಗಾಡೀಲೇ ಇರ್ಲಿಲ್ಲ. ಶಿವರಾಜಣ್ಣ ಕುಡಿದಿದ್ರು. ಪಕ್ಕದಾಗೆ ಚಿಕ್ಕಮಾರಣ್ಣ ಇದ್ರು. ಸ್ನೇಹಿತನ್ನ ಉಳ್ಸಕ್ಕೆ ನನ್ನ ಹೆಸರು ಹೇಳ್ಬುಟ್ರು.” ಅವನು ಕಣ್ಣೊರೆಸಿಕೊಂಡ. “ಹೋದ ತಿಂಗಳು ಚಿಕ್ಕಮಾರಣ್ಣ ನಮ್ಮನೆಗೆ ಬಂದಿದ್ರು. ನಮ್ಮವ್ವನ ಕಾಲು ಹಿಡ್ಕೊಂಡ್ರು. ‘ಸಾಕ್ಷಿ ದಿನ ಕೋರ್ಟಲ್ಲಿ ನಿಜ ಹೇಳ್ತೀನಿ’ ಅಂದ್ರು.”

“ಅದು ಶಿವರಾಜ್‌ಗೆ ಗೊತ್ತಿತ್ತಾ?”

“ನಾನು ‘ಅವ್ರಿಗೆ ಹೇಳ್ಬೇಡಿ ಅಣ್ಣ’ ಅಂದೆ ಮೇಡಂ. ಅವರು ಕೇಳ್ಲಿಲ್ಲ. ‘ಅವ್ನ ಬೆನ್ನಿಗೆ ಚೂರಿ ಹಾಕಲ್ಲ ಕಣೋ. ಮುಖ ನೋಡಿ ಹೇಳೇ ಹೋಗ್ತೀನಿ’ ಅಂದ್ರು.”

*

ಅಂದೇ ಚಿಕ್ಕಮಾರಯ್ಯನ ಮೂರನೇ ದಿನದ ಹಾಲು ತುಪ್ಪ. ಸಂಜೆ ನೇತ್ರಾವತಿ ಹೋದಾಗ ಶಿವರಾಜ್ ಚಪ್ಪರದ ಕೆಳಗೆ ನೆಂಟರಿಗೆ ಎಲೆ ಹಾಕಿಸುತ್ತಿದ್ದ. ಮನೆಯ ಎಲ್ಲ ಕೆಲಸವೂ ಅವನದೇ. ಚಟ್ಟ ಕಟ್ಟಿದವನೂ ಅವನೇ.

“ಸ್ಟಾರ್ಟರ್ ಒಂದು ವಾರ ಎಲ್ಲಿತ್ತು ಶಿವರಾಜ್?”

“ಸಾಬ್ರ ಅಂಗ್ಡೀಲಿ ಮೇಡಂ. ರಸೀದಿ ಕೊಟ್ಟಿದೀನಲ್ಲ.”

“ಆ ಸಾಲು ಯಾರು ಬರೆದದ್ದು?”

“ಸಾಬ್ರು. ಮೋಟರ್ ಕೊಟ್ಟ ದಿನಾನೇ.”

“ಇಲ್ಲ. ನೀನು ಬರೆದದ್ದು. ಗುರುವಾರ, ಮೋಟರ್ ತರೋಕೆ ಹೋದಾಗ.” ಅವಳು ಎರಡು ಕಾಗದವನ್ನೂ ಲೈಟಿನ ಎದುರು ಹಿಡಿದಳು. “ಚೀಟಿನ ರಸೀದಿ ಪೆಟ್ಟಿಗೆ ಮೇಲಿಟ್ಟು ಬರೆದೆ. ಕೆಳಗೆ ಕಾರ್ಬನ್ ಇತ್ತು. ನಿನ್ನ ಸಾಲು ಮುಂದಿನ ಗಿರಾಕಿಯ ಪ್ರತಿ ಮೇಲೆ ಇಳೀತು. ಸಾಬ್ರು ಆಮೇಲೆ ಅವನ ರಸೀದಿ ಬರೆದು ಹ್ಯಾಂಡಲ್ ತಿರುಗಿಸಿದ್ರು. ಅದು ಬೀಗದೊಳಗೆ ಹೋಯ್ತು.”

ಶಿವರಾಜ್ ನಗಲು ನೋಡಿದ. “ಮರೆತಿದ್ರು ಅಂತ ನಾನೇ ಸೇರಿಸ್ಕೊಂಡೆ ಅಂತಿಟ್ಕೊಳ್ಳಿ. ಅದೇನು ಕೊಲೆನಾ?”

“ಈಗಷ್ಟೇ ಸಾಬ್ರು ಬರೆದ್ರು ಅಂದೆ. ಅಂಗಡಿಗೆ ಹೋಗದ ಸ್ಟಾರ್ಟರ್ ಹೋಗಿತ್ತು ಅಂತ ಗುರುವಾರ ಬರೆದೆ. ಚಿಕ್ಕಮಾರಯ್ಯ ಸತ್ತದ್ದು ಶುಕ್ರವಾರ. ಆ ಸ್ಟಾರ್ಟರ್ ಒಬ್ಬನ್ನ ಕೊಲ್ಲುತ್ತೆ ಅಂತ ಹಿಂದಿನ ದಿನವೇ ಗೊತ್ತಿದ್ದೋನಿಗೆ ಮಾತ್ರ ಆ ಸಾಲು ಬೇಕಾಗಿತ್ತು. ಸ್ಟಾರ್ಟರ್ ನಿನ್ನ ಮನೇಲಿತ್ತು. ವೈರ್ ಸುಲಿದವನು ನೀನು, ಅರ್ತ್ ಕಿತ್ತವನು ನೀನು. ನಾಳೆ ಅವನು ಕುಣಿಗಲ್ ಕೋರ್ಟಲ್ಲಿ ನಿನ್ನ ಹೆಸರು ಹೇಳೋನಿದ್ದ.”

ಹೆಡ್ ಕಾನ್‌ಸ್ಟೇಬಲ್ ಆಟೋದ ಟೂಲ್ ಬಾಕ್ಸ್ ತಂದು ಇಟ್ಟ. ಒಳಗೆ ಸುರುಳಿ ಸುತ್ತಿದ ಹಸಿರು ಅರ್ತ್ ವೈರ್. ಎಸೆಯುವುದಕ್ಕೂ ಅವನಿಗೆ ಮನಸ್ಸು ಬಂದಿರಲಿಲ್ಲ. ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದೆ ಎಂದುಕೊಂಡಿದ್ದನೋ ಏನೋ.

ಶಿವರಾಜ್ ನೆಲಕ್ಕೆ ಕೂತ.

“ಕೈ ಮುಗಿದೆ ಮೇಡಂ ಅವನಿಗೆ. ‘ಇನ್ನೊಂದು ಸಲ ಸುಳ್ಳು ಹೇಳೋ, ನನಗೆ ಮಕ್ಳವ್ರೆ’ ಅಂದೆ. ‘ಆ ಮುತ್ತುರಾಜಂಗೂ ತಾಯಿ ಅವ್ಳೆ’ ಅಂದ.”

ಕೊಲ್ಲಾಪುರಮ್ಮ ಎದ್ದು ಬಂದಳು. ಮೂರು ದಿನದಿಂದ ಅವಳು ಗಟ್ಟಿಯಾಗಿ ಮಾತಾಡಿರಲಿಲ್ಲ.

“ಶುಕ್ರವಾರ ಬೆಳಗ್ಗೆ ಫೋನ್ ಮಾಡಿ ‘ತ್ರೀ ಫೇಸ್ ಬಂತು, ಹೋಗಿ ನೀರು ಬುಡು’ ಅಂದಿದ್ದು ನೀನೇ ಅಲ್ವೇನೋ ಶಿವಣ್ಣ? ಇನ್ನೂ ಒಂದು ಚೂರು ಮಲಗ್ತೀನಿ ಅಂತಿದ್ರು. ನಾನೇ ಎಬ್ಬಿಸಿ ಕಳಿಸ್ದೆ. ನೀನು ಹೇಳ್ದೆ ಅಂತ.”

ಕಾನ್‌ಸ್ಟೇಬಲ್‌ಗಳು ಅವನನ್ನು ಜೀಪಿಗೆ ಕರೆದೊಯ್ದರು.

“ಇವ್ನಿಗೆ ಹೇಳ್ದೆ ಸುಮ್ನೆ ಕೋರ್ಟಿಗೆ ಹೋಗಿದ್ರೆ ಬದುಕ್ತಿದ್ರಾ ಮೇಡಂ?” ಕೊಲ್ಲಾಪುರಮ್ಮ ಕೇಳಿದಳು.

ನೇತ್ರಾವತಿಗೆ ಸುಳ್ಳು ಹೇಳಬೇಕೆನಿಸಿತು. ಹೇಳಲಿಲ್ಲ. “ಬದುಕಿರ್ತಿದ್ರು ಅಮ್ಮ. ನಾಳೆ ಕೋರ್ಟಿಗೆ ನಾನು ಹೋಗ್ತೀನಿ. ಮುತ್ತುರಾಜ್ ವಿಷಯ ಜಡ್ಜ್ ಮುಂದೆ ಇಡಿಸ್ತೀನಿ.”

“ನಾನೂ ಬರ್ತೀನಿ. ಆ ಹುಡುಗನ ತಾಯಿನ ನೋಡ್ಬೇಕು.”

ಅಷ್ಟರಲ್ಲಿ ಶಿವರಾಜನ ಹೆಂಡತಿ ವನಜಮ್ಮ ತನ್ನ ಮನೆಯಿಂದ ಅನ್ನದ ತಪ್ಪಲೆ ಹೊತ್ತು ಬಂದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಮೂರು ದಿನದಿಂದ ಅವಳೇ ಬೇಯಿಸಿ ತರುತ್ತಿದ್ದಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಜೀಪಿನಲ್ಲಿ ಗಂಡನನ್ನು ಕಂಡು ನಿಂತಲ್ಲೇ ನಿಂತಳು.

ಕೊಲ್ಲಾಪುರಮ್ಮ ಹತ್ತಿರ ಹೋಗಿ ಅವಳ ತಲೆಯ ಮೇಲಿನ ತಪ್ಪಲೆ ಇಳಿಸಿದಳು. ಬಿಸಿ ಇತ್ತು. ಸೆರಗಿನಲ್ಲಿ ಹಿಡಿದು ಮತ್ತೆ ಅವಳ ಕೈಗೇ ಕೊಟ್ಟಳು.

“ನಿನ್ ತಪ್ಪಿಲ್ಲ ವನಜಿ. ಮನೆಗೆ ತಗೊಂಡೋಗು. ಮಕ್ಳು ಹಸ್ಕೊಂಡಿರ್ತವೆ.”

ಆಮೇಲೆ ಒಳಗೆ ಹೋಗಿ, ಸೂತಕವನ್ನೂ ನೋಡದೆ, ಒಲೆ ಹಚ್ಚಿದಳು.