ಏಳನೇ ಕ್ಲೇಮು ಯಾರದು

ಪೆಟ್ಟಿಗೆ ಕಿರುಚಿಕೊಂಡಿತು.

ಅವಳು ಕೈ ಚಾಚಿದ್ದು ತನ್ನದೇ ಟೀ ಲೋಟಕ್ಕೆ. ಲೋಟ ಇದ್ದದ್ದು ಅವಳದೇ ಮೇಜಿನ ಮೇಲೆ. ಆದರೆ ಎರಡು ನಿಮಿಷದ ಹಿಂದೆ ಅಲ್ಲಿ ಬಂದು ಕೂತ ಬೂದು ಬಣ್ಣದ ಪೆಟ್ಟಿಗೆಗೆ ಅವಳೇ ಕಳ್ಳಿಯಾಗಿ ಕಂಡಳು. ಆಫೀಸಿನ ಆರೂ ಜನ ಎದ್ದು ನಿಂತರು.

"ಮುಟ್ಬೇಡಿ," ಎಂದ ಪೆಟ್ಟಿಗೆ ತಂದವನು. "ಅದಕ್ಕಿನ್ನೂ ನಿಮ್ಮ ಪರಿಚಯ ಇಲ್ಲ."

"ನನಗೂ ಅದರ ಪರಿಚಯ ಬೇಡ. ಮೊದ್ಲು ಅದರ ಬಾಯಿ ಮುಚ್ಸಿ."

ಅವನು ಬಟನ್ ಒತ್ತಿದ. ನಿಲ್ಲಲಿಲ್ಲ. ಇನ್ನೊಂದು ಬಟನ್ ಒತ್ತಿದ. ಇನ್ನೂ ಜೋರಾಯಿತು. ಕೊನೆಗೆ ಅವಳೇ ಪೆಟ್ಟಿಗೆ ಎತ್ತಿ, ಹಿಂದಿನ ಮುಚ್ಚಳ ಕಿತ್ತು, ಬ್ಯಾಟರಿ ತೆಗೆದು ಅವನ ಅಂಗೈಯಲ್ಲಿಟ್ಟಳು.

ಕಥೆ ಹೇಳುವವರು ಇಲ್ಲಿ ಬೆರಳು ತಗುಲಿ ಮಿಂಚು ಹರಿಯಿತು ಅಂದುಬಿಡುತ್ತಾರೆ. ಏನೂ ಹರಿಯಲಿಲ್ಲ. ಅವಳಿಗೆ ತಲೆನೋವಿತ್ತು, ಅವನಿಗೆ ನಾಚಿಕೆಯಾಗಿತ್ತು, ಅಷ್ಟೇ.

ಅದು ಪೇಟೆಂಟ್ ಅರ್ಜಿ ಬರೆದುಕೊಡುವ ಆಫೀಸು. ಅವಳಿಗೆ ಅಲ್ಲಿ 'ಕೆಂಪು ಪೆನ್ನು' ಅಂತಲೇ ಹೆಸರು. ಎಂಥ ಮೇಧಾವಿಯ ಬರವಣಿಗೆ ಬಂದರೂ ಅರ್ಧ ಹೊಡೆದುಹಾಕದೆ ಬಿಟ್ಟವಳಲ್ಲ. ಅವನಿಗೆ ಅವನ ಬೀದಿಯವರು ಇಟ್ಟ ಹೆಸರು 'ಸೈರನ್ ಸಾರ್'. ಬೀಗ, ಕಿಟಕಿಗೆ ಹಾಕುವ ಗಂಟೆ, ಬಾಗಿಲ ಕ್ಯಾಮೆರಾ... ಹನ್ನೊಂದು ಸಾಧನ ಕಂಡುಹಿಡಿದಿದ್ದ. ಪೇಟೆಂಟ್ ಸಿಕ್ಕಿದ್ದು ಮೂರಕ್ಕೆ. ಉಳಿದ ಎಂಟನ್ನು ಅವನೇ ಬರೆದು ಕೆಡಿಸಿಕೊಂಡಿದ್ದ.

ಇದು ಹನ್ನೆರಡನೆಯದು. ಹತ್ತಿರ ಬಂದ ಕೈ ಯಾರದು, ಅದು ಬಾಗಿಲ ಹಿಡಿಯನ್ನು ಹೇಗೆ ಹಿಡಿಯಿತು ಎಂಬುದರ ಮೇಲೆ ಮನೆಯವರನ್ನೂ ಹೊರಗಿನವರನ್ನೂ ಗುರುತಿಸುವ ಯಂತ್ರ. ಒಂದು ಕಾರ್ಖಾನೆಯವರು ಪೇಟೆಂಟ್ ಬಂದರೆ ತಯಾರಿಸುತ್ತೇವೆ ಅಂದಿದ್ದರು. ಇದೂ ಬಿದ್ದರೆ ಅಂಗಡಿ ಮುಚ್ಚಿ, ಮತ್ತೆ ಮಿಕ್ಸಿ ರಿಪೇರಿಗೆ ಕೂರುವುದು ಎಂದು ಅವನು ನಿರ್ಧರಿಸಿಬಿಟ್ಟಿದ್ದ.

ಅವನು ಬರೆದು ತಂದ ನಲವತ್ತು ಪುಟ ಓದಿ ಅವಳು ಹಣೆ ಒತ್ತಿಕೊಂಡಳು. ಪುಟಕ್ಕೆ ಹತ್ತು 'ಇತ್ಯಾದಿ'. ನಡುವೆ ಪಕ್ಕದ ಮನೆಯವರ ಮೇಲೆ ದೂರು.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗದು. ಪೇಟೆಂಟ್ ಅರ್ಜಿಯ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ. ಒಂದು, ಎರಡು, ಮೂರು ಎಂದು ನಂಬರು ಹಾಕಿ, ಇಷ್ಟು ಹೊಸದು, ಇಷ್ಟು ನನ್ನದು ಎಂದು ಬರೆಯಬೇಕು. ಅದಕ್ಕೆ ಕ್ಲೇಮು ಅಂತಾರೆ. ಅರ್ಜಿಯ ಜೀವ ಇರುವುದು ಅಲ್ಲಿ. ಉಳಿದದ್ದೆಲ್ಲ ಬರೀ ಪೀಠಿಕೆ.

ಆರು ವಾರ ಇಬ್ಬರೂ ಆ ಪಟ್ಟಿಗಾಗಿ ಗುದ್ದಾಡಿದರು. ಅವಳು ಹೊಡೆದುಹಾಕಿದ್ದನ್ನು ಅವನು ಮತ್ತೆ ಬರೆದು ತರುತ್ತಿದ್ದ. ಅವಳಿಗೆ ರೇಗುತ್ತಿತ್ತು. ಆದರೆ ಯಾವ ದಿನ ಅವನು ಬರಲಿಲ್ಲವೋ ಆ ದಿನ ಇನ್ನೂ ಹೆಚ್ಚು ರೇಗುತ್ತಿತ್ತು. ಇದೇನು ಹೊಸ ಕಾಯಿಲೆ ಎಂದು ತನ್ನನ್ನೇ ಬೈದುಕೊಂಡಳು.

ಅವನದೊಂದು ಅಭ್ಯಾಸವನ್ನೂ ಅವಳು ಕಂಡಿದ್ದಳು. ಜೇಬಿನಲ್ಲಿ ಒಂದು ದಪ್ಪ ನೋಟ್‌ಬುಕ್ಕು. ಏನು ಹೊಳೆದರೂ ತಾರೀಕು, ಗಂಟೆ, ಎಲ್ಲಿ ಹೊಳೆಯಿತು, ಯಾರಿಂದ ಹೊಳೆಯಿತು, ಎಲ್ಲ ಬರೆಯುತ್ತಿದ್ದ. ಒಂದು ಪುಟದಲ್ಲಿ 'ಈ ಯೋಚನೆ ಕೊಟ್ಟಿದ್ದು ಮನೆ ಮಾಲೀಕರ ಬೆಕ್ಕು' ಎಂದಿತ್ತು. ಅದನ್ನು ಓದಿ ಅವಳು ನಕ್ಕಿದ್ದೇ ಅವರ ಮೊದಲ ನಗು.

ಒಂದು ಸಂಜೆ ನಾಲ್ಕಕ್ಕೆ ಅವಳ ಫೋನು ಬಡಿದುಕೊಂಡಿತು. ಎದುರುಮನೆಯಾಕೆ. ಅಪ್ಪ ಮತ್ತೆ ಹೊರಟಿದ್ದಾರೆ.

ಅವಳಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್. ನಿವೃತ್ತಿಯಾಗಿ ಹತ್ತು ವರ್ಷ ಕಳೆದಿತ್ತು. ಆ ಹತ್ತು ವರ್ಷ ಮಾತ್ರ ಅವರ ತಲೆಯಿಂದ ಜಾರಿಹೋಗಿತ್ತು. ನಾಲ್ಕು ಗಂಟೆಯಾದರೆ ಸೆಕೆಂಡ್ ಶಿಫ್ಟಿಗೆ ಹೊತ್ತಾಯಿತು ಎಂದು ಖಾಲಿ ಚರ್ಮದ ಚೀಲ ಹೆಗಲಿಗೇರಿಸಿ, ಸೀಟಿ ಹಿಡಿದು ಹೊರಟುಬಿಡುವರು. ಕೆಲವೊಮ್ಮೆ ಬರಿಗಾಲಲ್ಲಿ. ಅವಳು ಬೀಗ ಹಾಕಿ ನೋಡಿದ್ದಳು. ಅವರು ಬಾಗಿಲು ಬಡಿದು ಬಡಿದು ಕೈ ಊದಿಸಿಕೊಂಡಿದ್ದರು. ಅಲಾರಂ ಇಟ್ಟು ನೋಡಿದ್ದಳು. ಅವರು ಹೆದರಿ ಮಂಚದ ಕೆಳಗೆ ಸೇರಿದ್ದರು.

ಅವಳು ಓಡಿದಳು. ಕ್ಲೇಮು ತಿದ್ದಿಸಲು ಎದುರಿಗೆ ಕೂತಿದ್ದ ಅವನೂ ತನ್ನ ಚೀಲ ಎತ್ತಿಕೊಂಡು ಹಿಂದೆಯೇ ಓಡಿದ.

ಬಸ್ ಸ್ಟಾಪಿನಲ್ಲಿ ಅಪ್ಪ ಹನ್ನೆರಡು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಜನರೂ ಪಾಪ, ನಿಂತಿದ್ದರು. ಅವನು ಸುಮ್ಮನೆ ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ನೀನ್ಯಾಕಪ್ಪ ಇಲ್ಲಿ, ನೀನು ಡ್ರೈವರ್ರು, ಮುಂದೆ ಹೋಗು ಅಂದರು.

ಅವಳು ಏದುಸಿರು ಬಿಡುತ್ತ ಹತ್ತಿರ ಬಂದಳು. ಬೈಯಲಿಲ್ಲ. ದಿನಾ ಹೇಳುವುದನ್ನೇ ಹೇಳಿದಳು.

"ಅಪ್ಪಾ, ಇವತ್ತು ನಿಮ್ಗೆ ವೀಕ್ಲಿ ಆಫ್."

"ಹೌದಾ? ಬೋರ್ಡಲ್ಲಿ ಹಾಕಿದಾರಾ?"

"ಹಾಕಿದಾರಪ್ಪ. ನಾನೇ ನೋಡ್ದೆ."

"ನಿನ್ನೆನೂ ಆಫ್ ಇತ್ತಲ್ಲ... ಡಿಪೋಗೆ ಏನೋ ಒಳ್ಳೇ ಕಾಲ ಬಂದಿದೆ," ಎಂದು ಅಪ್ಪ ಚೀಲ ಇಳಿಸಿ, ಮಗಳ ಕೈ ಹಿಡಿದು ಮನೆ ಕಡೆ ತಿರುಗಿದರು.

ದಾರಿಯಲ್ಲಿ ಅವಳ ಸಿಟ್ಟೆಲ್ಲ ಸಿಕ್ಕವನ ಮೇಲೆ ತಿರುಗಿತು. "ನಿಮ್ಮ ಪೆಟ್ಟಿಗೆಗಳಿಗೆಲ್ಲ ಹೊರಗಿಂದ ಬರೋರ ಮೇಲೇ ಕಣ್ಣು. ಒಳಗಿಂದ ಹೋಗೋರನ್ನ ಯಾರು ನೋಡ್ತಾರೆ? ಅವರಿಗೆ ಕಿರುಚಿದ್ರೆ ಆಗಲ್ಲ ರೀ, ಹೇಳ್ಬೇಕು. ಆ ಬಾಗಿಲಿಗೆ ನನ್ನ ದನಿ ಒಂದಿದ್ರೆ ಸಾಕಿತ್ತು. ಕೇಳಲಿಲ್ಲ ಅಂದ್ರೆ ಮಾತ್ರ ನನ್ನ ಫೋನಿಗೆ ಬರ್ಲಿ."

ಅವನು ಅಲ್ಲೇ ನಿಂತು ನೋಟ್‌ಬುಕ್ಕು ತೆಗೆದ. ರಸ್ತೆ ಮಧ್ಯೆ ಬರೀಬೇಡಿ ಎಂದು ಅದಕ್ಕೂ ಬೈಸಿಕೊಂಡ.

ಮಾರನೆಯ ದಿನ ಪೆಟ್ಟಿಗೆಗೆ ಹೊಸ ತಂತಿ ಜೋಡಿಸಿಕೊಂಡು ಬಂದ. ಒಳಗಿನಿಂದ ಹಿಡಿ ತಿರುಗಿದರೆ ಸೈರನ್ ಇಲ್ಲ, ಮನೆಯವರ ದನಿ. ದನಿ ಕೇಳಿಯೂ ದಾಟಿದರೆ ಫೋನಿಗೆ ಸುದ್ದಿ. ಅವಳು ಅದನ್ನು ಏಳನೇ ಕ್ಲೇಮಾಗಿ ಬರೆದಳು. ಅದು ತನ್ನ ಬಾಯಿಂದ ಬಂದ ಮಾತು ಎಂದು ಹೊಳೆಯಲೂ ಇಲ್ಲ. ದಿನಾ ಅತ್ತು ಆಡುವ ಮಾತಿಗೆ ಯಾರು ಬೆಲೆ ಕಟ್ಟುತ್ತಾರೆ?

ಅರ್ಜಿ ಸಲ್ಲಿಸುವವರೆಗೆ ಅದನ್ನು ಯಾರ ಬಾಗಿಲಿಗೂ ಹಾಕಕೂಡದು, ಹೊಸತನ ಹೋಗುತ್ತದೆ ಎಂದು ಅವಳೇ ಕಟ್ಟಪ್ಪಣೆ ಮಾಡಿದಳು. ಸಲ್ಲಿಸಿದ ಮರುದಿನ ಮೊದಲು ನಿಮ್ಮ ಬಾಗಿಲಿಗೇ ಎಂದು ಅವನು ಮಾತು ಕೊಟ್ಟ. ಆ ಮಾತನ್ನು ಅವಳು ರಾತ್ರಿ ಹಗಲು ಎದೆಯಲ್ಲಿಟ್ಟುಕೊಂಡು ತಿರುಗಿದಳು...

ಸಲ್ಲಿಸುವ ದಿನ ಬಂತು. ಕಂಡುಹಿಡಿದವರು ಯಾರು ಎಂದು ಬರೆಯುವ ಫಾರಂ ಅವನು ತುಂಬಿ ತಂದಿದ್ದ. ಅದರಲ್ಲಿ ಎರಡು ಹೆಸರು. ಎರಡನೆಯದು ಅವಳದು.

ಅವಳ ಕಿವಿ ಬಿಸಿಯಾಯಿತು. ಇನ್ನೊಬ್ಬರ ಅರ್ಜಿ ಬರೆಯುವವರು ಅದರಲ್ಲಿ ತಮ್ಮ ಹೆಸರು ತೂರಿಸುವುದಕ್ಕಿಂತ ದೊಡ್ಡ ಅವಮಾನ ಆ ಕಸುಬಿನಲ್ಲಿಲ್ಲ. ಅದೇ ಆಫೀಸಿನಲ್ಲಿ ಒಬ್ಬ ಹಾಗೆ ಮಾಡಿ ಕೆಲಸ ಕಳೆದುಕೊಂಡಿದ್ದ. ಇಷ್ಟು ದಿನ ಮನಸ್ಸಿನ ಒಂದು ಮಾತೂ ಆಡದವನು, ಈಗ ಹೂವು ಕೊಡುವ ಹಾಗೆ ಇದನ್ನು ಕೊಡುತ್ತಿದ್ದಾನೆಯೇ? ಅಥವಾ ಕನಿಕರವೇ?

ಅವಳು ಕೆಂಪು ಪೆನ್ನು ತೆಗೆದು ತನ್ನ ಹೆಸರಿನ ಮೇಲೆ ಗೆರೆ ಎಳೆದಳು.

"ಏಳನೇದು ನಿಮ್ದು," ಎಂದ ಅವನು.

"ಏಳನೇದು ನನ್ನ ಮನೆ ಕಷ್ಟ. ಕಷ್ಟಕ್ಕೆಲ್ಲ ಪೇಟೆಂಟ್ ಕೊಡಲ್ಲ. ನನ್ನ ಮೇಲೆ ಕನಿಕರ ಇದ್ರೆ ನಿಮ್ಮ ಮನೇಲಿ ಇಟ್ಕೊಳ್ಳಿ."

ಅವನು ನೋಟ್‌ಬುಕ್ಕಿಗಾಗಿ ಜೇಬಿಗೆ ಕೈ ಹಾಕಿದ. ಅವಳು ಆಗಲೇ ಎದ್ದು ಹೋಗಿದ್ದಳು. ಆಫೀಸಿನ ಯಜಮಾನರು ಹೊಸ ಫಾರಂ ತಂದು, ಬೇಗ ಸಹಿ ಹಾಕಿ, ಕೌಂಟರ್ ಮುಚ್ಚುತ್ತೆ ಎಂದು ಅವಸರ ಮಾಡಿದರು. ಅವನು ವಾದ ಮಾಡಲು ಬಾರದ ಗಂಡಸು. ಒಂದೇ ಹೆಸರಿಗೆ ಸಹಿ ಹಾಕಿ ಮೆಟ್ಟಿಲಿಳಿದ.

ಮರುದಿನ ಅವನು ಬರಲಿಲ್ಲ. ಪೆಟ್ಟಿಗೆಯೂ ಬರಲಿಲ್ಲ. ಅವಳೂ ಕೇಳಲಿಲ್ಲ.

ಹದಿನಾಲ್ಕು ತಿಂಗಳು. ದಿನಾ ನಾಲ್ಕು ಗಂಟೆಗೆ ಫೋನು, ಓಟ, ಬಸ್ ಸ್ಟಾಪು, ವೀಕ್ಲಿ ಆಫ್. ಅಪ್ಪ ಆಗಾಗ ನಮ್ಮ ಡ್ರೈವರ್ ಎಲ್ಲಿ ಎಂದು ಕೇಳುವರು. ಬೇರೆಲ್ಲ ಮರೆಯುವ ಮನುಷ್ಯನಿಗೆ ಅದೊಂದು ಮರೆಯುತ್ತಿರಲಿಲ್ಲ. ರಜೆ ಮೇಲೆ ಹೋಗಿದಾನಪ್ಪ ಎನ್ನುವಳು. ಅವಳಿಗೆ ಅವನ ಮೇಲೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಕೆಂಪು ಪೆನ್ನಿನ ಇಂಕು ಆ ವರ್ಷ ಬೇಗ ಬೇಗ ಮುಗಿಯಿತು.

ಹದಿನೈದನೇ ತಿಂಗಳಲ್ಲಿ ಪೇಟೆಂಟ್ ಪರೀಕ್ಷಕರ ಪತ್ರ ಬಂತು. ಒಂದರಿಂದ ಆರು, ಎಂಟು, ಒಂಬತ್ತು, ಎಲ್ಲ ಹಳೆಯವು. ಬೇರೆಯವರು ಮೊದಲೇ ಮಾಡಿದ್ದಾರೆ. ಹೊಸದು ಏಳನೆಯದೊಂದೇ. ಅದೊಂದನ್ನು ಉಳಿಸಿಕೊಂಡು ಉತ್ತರ ಕೊಟ್ಟರೆ ಪೇಟೆಂಟ್ ಸಿಗುತ್ತದೆ.

ಪತ್ರದ ಪ್ರತಿ ಅವನಿಗೂ ಹೋಗಿತ್ತು; ಬೆನ್ನಿಗೇ ಅವನದೊಂದು ಚೀಟಿ ಬಂತು. ಎರಡೇ ಸಾಲು. 'ಉಳಿದದ್ದು ನನ್ನದಲ್ಲ. ಅರ್ಜಿ ಕೈಬಿಡಿ.'

ಅವಳು ಎರಡನ್ನೂ ಪಕ್ಕಪಕ್ಕ ಇಟ್ಟು ಏಳನೇ ಕ್ಲೇಮನ್ನು ಮತ್ತೆ ಓದಿದಳು. ಹೊರಗಿಂದ ಬರೋರ ಮೇಲೇ ಕಣ್ಣು... ಬಾಗಿಲಿಗೆ ನನ್ನ ದನಿ... ಒಂದೊಂದೇ ಮಾತು ನೆನಪಾಯಿತು. ಏಳನೇ ಕ್ಲೇಮಿನಲ್ಲಿ ಅವಳು ಹೇಳದ ಒಂದು ಪದವೂ ಇರಲಿಲ್ಲ.

ಅವನು ಕೊಟ್ಟಿದ್ದು ಹೂವಲ್ಲ, ಕನಿಕರವಲ್ಲ. ನಿಜ. ಜೀವಮಾನವೆಲ್ಲ ಬೇರೆಯವರ ತಪ್ಪು ಹೊಡೆದವಳು, ಅರ್ಜಿಯಲ್ಲಿದ್ದ ಒಂದೇ ಒಂದು ಸರಿಯನ್ನು ಹೊಡೆದುಹಾಕಿದ್ದಳು.

ಯಜಮಾನರಿಗೆ ಒಪ್ಪಿಕೊಂಡಳು. ಅವರು ಕನ್ನಡಕ ತೆಗೆದು, ಸುಳ್ಳು ಹೆಸರಿನ ಮೇಲೆ ಬಂದ ಪೇಟೆಂಟ್ ನಾಳೆ ಯಾರು ಬೇಕಾದರೂ ಬೀಳಿಸಬಹುದು ಎಂದರು. ಹೆಸರು ಸೇರಿಸಲು ದಾರಿ ಇದೆ, ಆದರೆ ಅವನ ಸಹಿ ಬೇಕು. ಶುಕ್ರವಾರ ಕೊನೆಯ ದಿನ. ಹೆಸರು ಹೊಡೆದುಹಾಕಿದವಳು ನೀನು, ಹೋಗಿ ಕೇಳುವವಳೂ ನೀನೇ.

ಅಪ್ಪನನ್ನು ಬಿಟ್ಟು ಹೋಗುವಂತಿಲ್ಲ, ಗಂಟೆ ಮೂರೂವರೆ. ಮನೆಗೆ ಹೋಗಿ, ಅವರ ಕೈ ಹಿಡಿದು ಕರೆದುಕೊಂಡೇ ಹೊರಟಳು. ಅವನ ಅಂಗಡಿಯ ಬಾಗಿಲು ತಟ್ಟಿದಳು. ಹನ್ನೊಂದು ಸಾಧನಗಳೂ ಒಟ್ಟಿಗೆ ಕಿರುಚಿದವು. ಅವಳು ಅಪ್ಪನ ಕಿವಿ ಮುಚ್ಚಿ ನಿಂತಳು. ಈ ಸಲ ನಿಲ್ಲಿಸಲು ಕೈಗೆ ಬ್ಯಾಟರಿ ಸಿಗಲಿಲ್ಲ.

ಅವನು ಬಾಗಿಲು ತೆರೆದ. ಸೊರಗಿಹೋಗಿದ್ದ. ಹಿಂದೆ ನೆಲದ ಮೇಲೆ ಬಿಚ್ಚಿದ ನಾಲ್ಕು ಮಿಕ್ಸಿ ಬಿದ್ದಿದ್ದವು. ಅಪ್ಪ ಅವನನ್ನು ನೋಡಿದ್ದೇ, ಎಷ್ಟು ರಜೆ ಹಾಕ್ತೀಯಯ್ಯಾ, ನಿನ್ನಿಂದ ಗಾಡಿ ನಿಂತಿದೆ ಎಂದು ಗದರಿ, ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತರು.

ಅವಳು ಫಾರಂ ಚಾಚಿದಳು. ಬರುವಾಗ ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲೋ ಬಿದ್ದುಹೋಗಿತ್ತು.

"ಏಳನೇದು ನಂದು," ಎಂದಳು. "ನೀವು ಹೇಳಿದ್ರಿ. ನಾನು ಕೇಳಲಿಲ್ಲ. ಸಹಿ ಹಾಕಿ... ಆಮೇಲೆ ಬೇಕಾದ್ರೆ ಮುಖ ನೋಡ್ಬೇಡಿ."

ಅವನು ನೋಟ್‌ಬುಕ್ಕು ತೆಗೆದು ಆ ದಿನದ ಪುಟ ತೋರಿಸಿದ. ತಾರೀಕು. ಗಂಟೆ: ನಾಲ್ಕೂ ಇಪ್ಪತ್ತು. ಸ್ಥಳ: ಬಸ್ ಸ್ಟಾಪಿನಿಂದ ಅವರ ಮನೆಗೆ ಹೋಗುವ ರಸ್ತೆ. ಯಾರಿಂದ: ಅವರಿಂದ, ಪೂರ್ತಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು. 'ಬೈದರು. ನಾಳೆಯೂ ಬೈದರೆ ಚೆನ್ನಾಗಿರುತ್ತದೆ.'

ಅವಳು ಅದನ್ನು ಎರಡು ಸಲ ಓದಿದಳು. ಕಣ್ಣು ಮಂಜಾಯಿತು.

"ಇದನ್ನ ಅವತ್ತೇ ತೋರ್ಸೋಕೆ ಏನಾಗಿತ್ತು?"

"ಅವತ್ತು ಜೇಬಿಗೆ ಕೈ ಹಾಕ್ದೆ. ನೀವು ಎದ್ದು ಹೋದ್ರಿ. ಹೆಸರು ಬರ್ದಿದ್ದು ಏಳನೇದಕ್ಕೆ ಮಾತ್ರ. ಮನಸ್ಸಲ್ಲಿ ಮಿಕ್ಕಿದ್ದು ಹೇಳೋಕೆ ಯಾವ ಫಾರಂ ಅಂತ ನನ್ಗೆ ಗೊತ್ತಿಲ್ಲ."

ಅವಳು ಪೆನ್ನಿಗಾಗಿ ತಡಕಿದಳು. ಕೆಂಪು ಬಿಟ್ಟರೆ ಬೇರೆ ಇರಲಿಲ್ಲ. ಅವನು ತನ್ನ ಕಪ್ಪು ಪೆನ್ನು ಕೊಟ್ಟ. ಎರಡು ಹೆಸರೂ ಒಂದೇ ಇಂಕಿನಲ್ಲಿ ಬಿದ್ದವು.

ಶುಕ್ರವಾರ ಉತ್ತರ ಸೇರಿತು. ಶನಿವಾರ ಮಧ್ಯಾಹ್ನ ಅವನು ಪೆಟ್ಟಿಗೆ, ಸ್ಕ್ರೂಡ್ರೈವರ್ ಹಿಡಿದು ಅವಳ ಮನೆಯ ಹೊರಗೆ ನಿಂತಿದ್ದ. ಹದಿನೈದು ತಿಂಗಳು ತಡವಾಗಿ. ಹಿಡಿಗೆ ತಂತಿ ಜೋಡಿಸಿ, ಈಗ ದನಿ ಕೊಡಿ ಎಂದ. ಅವಳು ಬಗ್ಗಿ ಹೇಳಿದಳು: ಅಪ್ಪಾ, ಇವತ್ತು ನಿಮ್ಗೆ ವೀಕ್ಲಿ ಆಫ್, ಒಳಗೆ ಬನ್ನಿ.

ನಾಲ್ಕು ಗಂಟೆಗೆ ಅಪ್ಪ ಚೀಲ ಹಾಕಿಕೊಂಡು ಬಂದು ಹಿಡಿ ತಿರುಗಿಸಿದರು. ಬಾಗಿಲು ಮಗಳ ದನಿಯಲ್ಲಿ ಹೇಳಿತು. ಅಪ್ಪ ಒಂದು ಕ್ಷಣ ನಿಂತರು. "ಹಾಗಾದ್ರೆ ಸರಿ," ಎಂದು ಬಾಗಿಲಿಗೇ ತಲೆಯಾಡಿಸಿ, ಚೀಲ ಇಳಿಸಿ, ತಮ್ಮ ಕುರ್ಚಿಗೆ ಹಿಂತಿರುಗಿದರು.

ಅವಳು ಗೋಡೆಗೊರಗಿ ನಿಂತಳು. ಎಷ್ಟೋ ವರ್ಷಗಳ ನಂತರ ನಾಲ್ಕು ಗಂಟೆಗೆ ಅವಳು ಓಡುತ್ತಿರಲಿಲ್ಲ.

ಅವನು ಇನ್ನೂ ಹೊಸ್ತಿಲ ಆಚೆಯೇ ಸ್ಕ್ರೂಗಳನ್ನು ಡಬ್ಬಿಗೆ ತುಂಬುತ್ತಿದ್ದ. ಮುಗಿದ ಮೇಲೂ ತುಂಬುತ್ತಲೇ ಇದ್ದ.

"ಅದು ಈಗಲೂ ರೆಕಾರ್ಡ್ ಮಾಡ್ತಿದೆಯಾ?" ಎಂದು ಕೇಳಿದಳು.

"ಇಲ್ಲ. ಆಫ್ ಮಾಡಿದೀನಿ."

"ಹಾಗಾದ್ರೆ ಒಳಗೆ ಬಾ."

ಅವನು ತಲೆಯೆತ್ತಿದ. "ದಿನಾ ಬೈತೀರಾ?"

"ದಿನಾ," ಎಂದಳು. "ಚಪ್ಪಲಿ ಅಲ್ಲೇ ಬಿಡು."