ಕಲ್ಲುಚಿಪ್ಪಿನ ಬೆಂಕಿ

ಒಂದಾನೊಂದು ಕಾಲ, ಭೂಮಿಯ ನೆತ್ತಿಯ ಮೇಲೆ ಬಿಳಿಗಡಲೆಂಬ ರಾಜ್ಯ. ಅಲ್ಲಿಯ ಚಳಿ ಎಂದರೆ ಎಂಥದ್ದು ಅಂತೀರಿ! ಹಾಲು ಕರೆದರೆ ಚೊಂಬಿಗೆ ಬಿಳಿ ಕೋಲು ಇಳಿಯುತ್ತಿತ್ತು. ಸುಳ್ಳಲ್ಲ, ಮುದುಕರು ಅದನ್ನೇ ಊರಿಕೊಂಡು ನಡೆಯುತ್ತಿದ್ದರು!

ಇದೆಲ್ಲ ಮಾಂತ್ರಿಕ ಹೆಪ್ಪಾಸುರನ ಕೆಲಸ. ಅವನು ಊದಿದರೆ ಕಡಲೇ ಮೊಸರಿನಂತೆ ಹೆಪ್ಪುಗಟ್ಟುತ್ತಿತ್ತು. ಚಿಪ್ಪು ಸುಟ್ಟು ಸುಣ್ಣ ಮಾಡುವ ಮಾಳವ್ವನ ಗಂಡ ಬೊಮ್ಮ ಚಿಪ್ಪು ತರಲು ದೋಣಿಯಲ್ಲಿ ಹೋದವನು, ಹುಟ್ಟು ಎತ್ತಿದ ಹಾಗೇ ಹಿಮದೊಳಗೆ ನಿಂತುಬಿಟ್ಟ.

“ನನ್ನ ಗಂಡನ್ನ ಬಿಡೋ!” ಎಂದಳು ಮಾಳವ್ವ.

“ನನ್ನ ಉಸಿರಿಗೆ ಆರದ ಬೆಂಕಿ ತಾ, ಬಿಡುತ್ತೇನೆ. ಮೂರು ಸಲ ಸೋತರೆ ನೀನೂ ಅವನ ಪಕ್ಕ ನಿಲ್ಲಬೇಕು.”

ಅವಳು ದೇವದಾರಿನ ಪಂಜು ತಂದಳು. ಉಫ್! ಆರಿತು. ತಿಮಿಂಗಿಲದ ಕೊಬ್ಬಿನ ದೊಂದಿ ತಂದಳು. ಉಫ್! ಅದೂ ಆರಿತು.

“ಇನ್ನೊಂದೇ ಸಲ ಕಣೇ,” ಎಂದು ಗಹಗಹಿಸಿದ.

ಮಾಳವ್ವ ಬೆಟ್ಟ ಹತ್ತಿದಳು. ಆ ಬೆಟ್ಟ ಹಿಂದೆ ಕಡಲ ತಳವಾಗಿತ್ತು. ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಚಿಪ್ಪು, ಬೀಸಣಿಗೆಯಂಥ ಚಿಪ್ಪು, ಎಲ್ಲ ಕಲ್ಲಾಗಿ ಬಿದ್ದಿದ್ದವು. ಒಂದನ್ನು ಒಡೆದು ನೋಡಿ, “ಕಲ್ಲಾದರೇನು, ಜಾತಿ ಚಿಪ್ಪೇ!” ಎಂದಳು.

ಹೆಪ್ಪಾಸುರನ ಉಸಿರು ಮುಟ್ಟದ ಆಚೆ ಕಣಿವೆಯಲ್ಲಿ ಸುಣ್ಣ ಸುಡುವ ಗೂಡು ಹಾಕಿದಳು. ನಾದಿನಿ ನಕ್ಕಳು: “ಕಲ್ಲು ಬೇಯಿಸ್ತೀಯಾ ಅತ್ತಿಗೆ? ಉಪ್ಪು ಖಾರ ಮರೀಬೇಡ!”

ಚಿಪ್ಪು ಬೆಂದು ಬೆಳ್ಳಗಾಯಿತು. ಮಾಳವ್ವ ಅದನ್ನು ಬುಟ್ಟಿಗೆ ತುಂಬಿ ಜಾರುಬಂಡಿಯಲ್ಲಿ ಹೆಪ್ಪಾಸುರನ ಮುಂದೆ ತಂದಳು. ಬುಟ್ಟಿ ಮುಟ್ಟುವ ಮುಂಚೆ ಸೆರಗಿಗೆ ಕೈ ಒರೆಸಿಕೊಂಡಳು. ಸುಟ್ಟ ಸುಣ್ಣಕ್ಕೆ ಒದ್ದೆ ತಾಗಬಾರದು. ಅದು ಗೂಡಿನವರ ರೂಢಿ.

“ಕೈ ಒರೆಸಿದರೆ ಬೆಂಕಿ ಬರುತ್ತದೇನೇ? ಎಲ್ಲಿ ಬೆಂಕಿ?”

“ಬುಟ್ಟಿಯಲ್ಲಿ ಮಲಗಿದೆ. ಊದಿ ಎಬ್ಬಿಸಪ್ಪ, ದೊಡ್ಡ ಮನುಷ್ಯ!”

ಉಫ್! ರಾಶಿ ಹಿಮ ಸುಣ್ಣದ ಮೇಲೆ ಬಿತ್ತು. ಸುಣ್ಣ ಹಿಮ ಕುಡಿಯಿತು, ಚಟಚಟ ಬಿರಿಯಿತು, ಅರಳಿ ಕೊತಕೊತ ಕುದಿಯಿತು! ಹೆಪ್ಪಾಸುರ ಇನ್ನೂ ಊದಿದ, ಇನ್ನೂ ಕುದಿಯಿತು. ನಿಲ್ಲಿಸಿದ್ದರೆ ಉಳಿಯುತ್ತಿದ್ದ; ಹಮ್ಮು ಬಿಡಲಿಲ್ಲ. ಆ ಕಾವಿಗೆ ಮೊದಲು ಅವನ ಹಿಮದ ಗಡ್ಡ ಕರಗಿತು, ಆಮೇಲೆ ಮೂಗು, ಆಮೇಲೆ ಅವನೇ ನೀರಾಗಿ ಹರಿದ. ಆ ನೀರನ್ನೂ ಸುಣ್ಣ ಕುಡಿದುಬಿಟ್ಟಿತು!

ಕಡಲು ಬಾಯ್ಬಿಟ್ಟಿತು. ಬೊಮ್ಮ ಎತ್ತಿದ್ದ ಹುಟ್ಟು ಚಳಕ್ ಎಂದು ನೀರಿಗೆ ಬಿತ್ತು.

“ಇವತ್ತು ಒಂದು ಚಿಪ್ಪೂ ಸಿಗಲಿಲ್ಲ ಕಣೇ,” ಎಂದ.

“ಬೆಟ್ಟದ ತುಂಬ ಇದೆ, ನೀನು ಮನೆಗೆ ಬಾ,” ಎಂದಳು.

ಉಳಿದ ಸುಣ್ಣದಲ್ಲಿ ಊರವರೆಲ್ಲ ಗೋಡೆ ಬಳಿದುಕೊಂಡು ಬೆಚ್ಚಗೆ ಬಾಳಿದರು. ಹಾಲು ಹಾಲಾಗಿಯೇ ಚೊಂಬಿಗೆ ಬಿತ್ತು. ಮುದುಕರು ಮಾತ್ರ, ಪಾಪ, ಊರುಗೋಲಿಗೆ ಮರ ಹುಡುಕಬೇಕಾಯಿತು!